ತಾವು ಊಹಿಸಿದ ಜನ್ಮದಿನ, ಅವಳು ಬರೆಯಬೇಕಾದ ಪರೀಕ್ಷೆ

ಮಕ್ಕಳ ಪಾಲನಾ ಇಲಾಖೆಯ ಮಾನ್ಯ ನಿರ್ದೇಶಕರೇ,

ಬರುವ ಜನವರಿ ಒಂದಕ್ಕೆ ನಾನು ಸಾಕುತ್ತಿರುವ ಹುಡುಗಿಗೆ ಹದಿನೆಂಟು ತುಂಬುತ್ತದೆಂದೂ, ಅಂದೇ ಅವಳು ಗಂಟುಮೂಟೆ ಕಟ್ಟಿಕೊಂಡು ಆರು ಗಂಟೆ ದಾರಿಯಾಚೆಯ ಯುವತಿಯರ ನಿಲಯಕ್ಕೆ ಹಾಜರಾಗಬೇಕೆಂದೂ ತಮ್ಮ ಆದೇಶ ಬಂದಿದೆ. ಹನ್ನೆರಡನೇ ತರಗತಿಯ ಪರೀಕ್ಷೆ ಇರುವುದು ಮಾರ್ಚ್‌ನಲ್ಲಿ. ಅವಳನ್ನು ಉಳಿಸಿಕೊಂಡರೆ ಮಕ್ಕಳನ್ನು ಸಾಕುವ ನನ್ನ ಪರವಾನಗಿ ರದ್ದು, ಮನೆಯಲ್ಲಿರುವ ಇನ್ನೊಂದು ಪುಟ್ಟ ಹುಡುಗಿಯೂ ವಾಪಸು ಎಂಬ ಎಚ್ಚರಿಕೆ ಬೇರೆ. ಹತ್ತು ವಾರ ತಡೆದುಕೊಳ್ಳಲಾಗದಂಥ ಅರ್ಜೆಂಟು ಇಲಾಖೆಗೆ ಏನಿದೆ?

ಆ ಜನವರಿ ಒಂದು ಎಲ್ಲಿಂದ ಬಂತು ಎಂಬುದಾದರೂ ತಮಗೆ ಗೊತ್ತೇ? ನನಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ ತಮ್ಮ ಕಚೇರಿಯ ಬೆಂಚಿನಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದವಳು ನಾನು. ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ ಮಗು, ಹುಟ್ಟಿದ ದಿನ ಯಾರಿಗೂ ತಿಳಿಯದು. ಗುಮಾಸ್ತರು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಏಳು ವರ್ಷ ಅಂತ ಬರ್ಕೊಳ್ಳೋಣ. ತಾರೀಖು ಜನವರಿ ಒಂದು. ಸಿಕ್ಕಿದ ಮಕ್ಕಳಿಗೆಲ್ಲ ಅದೇ ಹಾಕೋದು," ಎಂದರು. ನಾನು ದರ್ಜಿ. ಅಂದು ಸಂಜೆ ಫ್ರಾಕಿಗೆ ಅಳತೆ ತೆಗೆದರೆ, ಐದು ವರ್ಷದವರ ಅಳತೆಯೇ ಅವಳಿಗೆ ದೊಗಳೆ. ಆರು ವರ್ಷಕ್ಕೆ ಬೀಳುವ ಮೊದಲ ಹಾಲುಹಲ್ಲು ಅವಳಿಗೆ ಬಿದ್ದದ್ದು ಮರುವರ್ಷ. ಎರಡನ್ನೂ ಬಂದು ಹೇಳಿದೆ. "ಎಂಟ್ರಿ ಆಗೋಯ್ತಲ್ಲಮ್ಮ!" ಎಂಬ ಉತ್ತರ ಸಿಕ್ಕಿತು. ಹೇಗೂ ಬೇಗ ಶಾಲೆಗೆ ಸೇರಿದ್ದಾಳೆ ಬಿಡು ಎಂದು ನಾನೂ ಸುಮ್ಮನಾದೆ. ಆ ತಪ್ಪು ನನ್ನದೇ.

ಈಗಲೂ ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ ಅವಳೇ. ಗೆಳತಿಯರು ಕುಳ್ಳಿ ಎಂದೇ ಕರೆಯುತ್ತಾರೆ. ಓದಿನಲ್ಲಿ ಮಾತ್ರ ಯಾರ ಕೈಗೂ ಸಿಗುತ್ತಿರಲಿಲ್ಲ. ಆದೇಶ ಬಂದ ಮೇಲೆ ಪುಸ್ತಕ ಮುಟ್ಟಿಲ್ಲ. ಮೊನ್ನೆ ರಸಾಯನಶಾಸ್ತ್ರದ ಪುಸ್ತಕವನ್ನು ಚೀಲದ ತಳಕ್ಕೆ ತುರುಕುತ್ತಾ, "ಬಿಡು ದೊಡ್ಡಮ್ಮ, ಅಲ್ಲೇ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ. ನನ್ನಿಂದ ಚಿಕ್ಕೋಳನ್ನ ಕಳ್ಕೋಬೇಡ," ಎಂದಳು. ದೊಡ್ಡಮ್ಮ ಎಂಬ ಪದವಿಯೂ ತಮ್ಮ ಕೃಪೆಯೇ. "ಅಮ್ಮ ಅನ್ನಿಸ್ಕೋಬೇಡಿ, ಅಭ್ಯಾಸ ಆಗ್ಬಿಡತ್ತೆ," ಎಂದು ಮೊದಲ ದಿನವೇ ತಮ್ಮ ಕಚೇರಿಯವರು ತಾಕೀತು ಮಾಡಿದ್ದರು. ಅದನ್ನು ಇವತ್ತಿನವರೆಗೂ ಪಾಲಿಸಿದ್ದೇನೆ.

ನಾನು ದಯೆ ಬೇಡುತ್ತಿಲ್ಲ. ಕೊನೆಯ ಪರೀಕ್ಷೆ ಮುಗಿಸಿ ಬರುವವರೆಗೆ ಅವಳು ಈ ಮನೆಯಲ್ಲೇ ಇರಬಹುದೆಂದು ಡಿಸೆಂಬರ್ ಮುಗಿಯುವುದರೊಳಗೆ ಬರೆದು ಕೊಡಿ. ಆಗದಿದ್ದರೆ ಜನವರಿ ಒಂದರಂದು ತಾವೇ ಬಂದು, ಅವಳು ಹುಟ್ಟಿದ್ದು ಅಂದೇ ಎಂದು ಅವಳ ಮುಖ ನೋಡಿ ಹೇಳಿ. ಆಮೇಲೆ ಚೀಲವನ್ನು ನಾನೇ ಹೊತ್ತು ತಂದು ತಮ್ಮ ಕೈಗೆ ಕೊಡುತ್ತೇನೆ.

ಇಂತಿ,
ಡಿಸೆಂಬರ್ ಮೂವತ್ತೊಂದರವರೆಗೆ ದೊಡ್ಡಮ್ಮ
(ಮರುದಿನದಿಂದ ಅವಳು ನನ್ನನ್ನು ಏನೆಂದು ಕರೆಯಬೇಕೆಂದು ಇಲಾಖೆ ಇನ್ನೂ ತಿಳಿಸಿಲ್ಲ)