ಬಾಗಿಲಿನಿಂದ ಹಿಂದಿರುಗಿದ ಅರವತ್ತಮೂರು ಜನ

ಹೊಸದಂಡೆ, ತುಂಗಭದ್ರೆಯ ಎಡದಡ
ಫೆಬ್ರವರಿ 30, 2171

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ಇಂಪನಾ ಗೊಂಡಬಾಳ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ವರ್ಷದ ಕೊನೆಗೆ ರಜೆಯಾಗಿ ಬರುತ್ತವೆ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಮಾತುಗಳಲ್ಲಿ ನಾನೂ ಹಲವು ಸಲ ಎಡವಿದ್ದೇನೆ. ನಿಮ್ಮ ಕಾಲದ ಗೋಡೆಬರಹವೊಂದರ ಚಿತ್ರದಲ್ಲಿ ‘ಗುಪ್ತರೋಗ’ ಎಂಬ ಪದ ಕಂಡು, ಅದನ್ನು ಬಚ್ಚಿಟ್ಟವರು ಯಾರು ಎಂದು ನನ್ನ ಮಗಳು ಕೇಳಿದಳು. ಆ ಪದ ನಮ್ಮಲ್ಲಿ ಸತ್ತುಹೋಗಿದೆ. ಅದರ ನಾಚಿಕೆ ಮಾತ್ರ ಮೊನ್ನೆ ಮೊನ್ನೆಯವರೆಗೂ ಬದುಕಿತ್ತು. ಇವತ್ತು ಎಂತಹ ದಿನವೆಂದು ಹೇಳಲು ಕೈ ತುಡಿಯುತ್ತಿದೆ, ಆದರೂ ಮೊದಲಿನಿಂದಲೇ ಹೇಳುತ್ತೇನೆ.

ನಾನು ಎಣಿಕೆಯವಳು. ಊರಿನಲ್ಲಿ ಯಾವ ಕಾಯಿಲೆ ಎಷ್ಟಿದೆ, ಯಾರು ಆಸ್ಪತ್ರೆಗೆ ಬರುತ್ತಾರೆ, ಯಾರು ಬರುವುದಿಲ್ಲ ಎಂದು ಲೆಕ್ಕವಿಡುವವರನ್ನು ನಾವು ಹಾಗೆ ಕರೆಯುತ್ತೇವೆ. ಲೈಂಗಿಕ ಸೋಂಕುಗಳ ಎಣಿಕೆ ನನ್ನ ಪಾಲಿನದು. ನಮ್ಮಲ್ಲಿ ಇದಕ್ಕೆ ಬೆರಳಚೀಟಿ ಇದೆ. ಕಾಗದದ ಪಟ್ಟಿಯ ಮೇಲೆ ಒಂದು ಹನಿ ರಕ್ತ ಹಾಕಿದರೆ, ಲೋಟದ ಚಹಾ ಕುಡಿಯುವಷ್ಟು ಆರುವುದರೊಳಗೆ ಹನ್ನೆರಡು ಸೋಂಕುಗಳ ವಿಷಯ ಹೇಳಿಬಿಡುತ್ತದೆ. ಇಷ್ಟೆಲ್ಲ ಇದ್ದೂ ನಾವು ಮೋಸಹೋಗಿದ್ದೆವು.

ಮೂರು ವರ್ಷದ ಹಿಂದೆ ನಮ್ಮ ಆರೋಗ್ಯ ಕೇಂದ್ರದ ಮುಖ್ಯಸ್ಥರಾದ ವಾಮದೇವ ಡಾಕ್ಟರು, ಹೊಸದಂಡೆಯಲ್ಲಿ ಈ ತಿಂಗಳು ಸಿಫಿಲಿಸ್ ಸೊನ್ನೆ ಎಂದು ಸಾರಿದರು. ಜಿಲೇಬಿ ಹಂಚಿದರು. ನಾನೂ ಎರಡು ತಿಂದೆ. ಮಧ್ಯಾಹ್ನ ಹಾಜರಿ ಪುಸ್ತಕ ತೆಗೆದು ನೋಡಿದೆ. ತಿಂಗಳಿಗೆ ನಾನೂರು ಜನ ಪರೀಕ್ಷೆಗೆ ಬರುತ್ತಿದ್ದ ಕಡೆ ಮೂವತ್ತೊಂದು ಜನ ಬಂದಿದ್ದರು. ನೋಡದಿದ್ದರೆ ಕಾಣುವುದಾದರೂ ಹೇಗೆ?

ಮರುದಿನದಿಂದ ಕೇಂದ್ರದ ಎದುರಿನ ಕಬ್ಬಿನಹಾಲಿನ ಅಂಗಡಿಯ ಬೆಂಚಿನ ಮೇಲೆ ಕುಳಿತೆ. (ಹೌದು, ಕಬ್ಬಿನಹಾಲು ಇನ್ನೂ ಇದೆ. ಶುಂಠಿ ಹಾಕುತ್ತಾರೆ.) ಬಾಗಿಲಿನವರೆಗೆ ಬಂದು, ಒಂದು ಗಳಿಗೆ ನಿಂತು ಹಿಂದಿರುಗುವವರನ್ನು ಗೀಟು ಹಾಕಿ ಎಣಿಸಿದೆ. ಒಂಬತ್ತನೆಯ ದಿನ ಹಳದಿ ಸೀರೆಯ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕುಳಿತಳು. ಹೆಸರು ಹುಲಿಗೆಮ್ಮ, ನದಿಬಸ್ಸಿನ ಚಾಲಕಿ. ನದಿಬಸ್ಸೆಂದರೆ ಎರಡೂ ದಡದ ಜನರನ್ನು ದಾಟಿಸುವ ದೊಡ್ಡ ದೋಣಿ.

“ಏನ್ ಬರಕೊಳ್ಳಾಕತ್ತೀರಿ ಅಕ್ಕಾ?” ಎಂದಳು.

“ಬಾಗಿಲ ಮಟ ಬಂದು ಹೊಳ್ಳಿ ಹೋಗೋರನ್ನ ಎಣಸಾಕತ್ತೀನವ್ವಾ.”

“ಹಂಗಾರ ನನ್ನ ಎರಡು ಸಲ ಬರಕೋರಿ.”

ಯಾಕೆ ಒಳಗೆ ಹೋಗಲಿಲ್ಲ ಎಂದು ಕೇಳಿದೆ. ಅವಳು ಕೇಂದ್ರದ ಕಡೆ ಕೈ ತೋರಿಸಿದಳು. ನಮ್ಮ ಬಾಗಿಲಲ್ಲಿ ಕರೆಯುಲಿ ಎಂಬ ಯಂತ್ರವನ್ನು ಆ ವರ್ಷವಷ್ಟೇ ಕೂರಿಸಿದ್ದರು. ಬಂದವರ ಮುಖ ಗುರುತಿಸಿ, ಯಾವ ಕೋಣೆಗೆ ಹೋಗಬೇಕೆಂದು ಅದು ಹೆಸರು ಹಿಡಿದು ಕೂಗುತ್ತಿತ್ತು. ಸರತಿಯ ಗೊಂದಲ ತಪ್ಪಲಿ ಎಂದು ತಂದದ್ದು.

“ಅದು ‘ಹುಲಿಗೆಮ್ಮ, ಮೂರನೇ ಬಾಗಿಲು’ ಅಂತ ಒದರತೈತ್ರಿ. ಮೂರನೇ ಬಾಗಿಲು ಅಂದ್ರ ಯಾವ ಬ್ಯಾನಿಗೆ ಅಂತ ಊರಿಗೆಲ್ಲಾ ಗೊತ್ತು. ನಮ್ಮತ್ತಿ ತಂಗಿ ಒಳಗ ಕಸ ಹೊಡೀತಾಳ. ನಾ ಹೆಂಗ ಹೋಗಲಿ?” ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಗ ಕಂಡಿತು, ಐದು ತಿಂಗಳು ತುಂಬಿತ್ತು. “ಹ್ವಾದ ಸಲದ್ದು ಏಳು ತಿಂಗಳಿಗೆ ಹೊಟ್ಟ್ಯಾಗ ಸತ್ತು ಹುಟ್ಟಿತ್ರಿ. ಇದು ಉಳೀಬೇಕು.”

ನನ್ನ ಚೀಲದಲ್ಲಿ ಬೆರಳಚೀಟಿ ಇತ್ತು. ಅಂಗಡಿಯ ಹಿಂದೆ, ಕಬ್ಬಿನ ಸಿಪ್ಪೆಯ ರಾಶಿಯ ಮರೆಯಲ್ಲಿ ಪರೀಕ್ಷೆ ಮಾಡಿದೆ. ಗೆರೆ ಮೂಡಿತು. ಸಿಫಿಲಿಸ್. ಅವಳು ಅಳಲಿಲ್ಲ. ಎರಡೂ ಕೈಯಿಂದ ನನ್ನ ಮೊಣಕೈ ಹಿಡಿದುಕೊಂಡು, “ಔಷಧ ಐತೇನ್ರಿ?” ಎಂದಳು.

ಇತ್ತು! ನಿಮ್ಮ ಬಳಿಯೂ ಇರುವ ಅದೇ ಪೆನಿಸಿಲಿನ್. ಅದಕ್ಕಿಂತ ಒಳ್ಳೆಯದನ್ನು ನಾವಿನ್ನೂ ಕಂಡುಹಿಡಿದಿಲ್ಲ. ನರ್ಸ್ ಫರ್ಜಾನಾ ವಾರಕ್ಕೊಂದರಂತೆ ಮೂರು ಸೂಜಿ ಕೊಟ್ಟಳು, ಯಂತ್ರಕ್ಕೆ ಸಿಗದ ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಿ. ಗಂಡನಿಗೂ ಔಷಧ ಆಗಲೇಬೇಕಿತ್ತು. ಹುಲಿಗೆಮ್ಮ ತಾನೇ ಹೇಳುತ್ತೇನೆಂದು ಹೋದಳು. ಮರುದಿನ ಅವಳ ಗಂಡ ಯಂಕೋಬ ಕೆಂಡದಂತಹ ಮುಖ ಮಾಡಿಕೊಂಡು ಫರ್ಜಾನಾಳ ಕೋಣೆಗೆ ಬಂದ. ಹುಲಿಗೆಮ್ಮ ಅವನ ಹಿಂದೆ ಗೋಡೆಗೆ ಅಂಟಿ ನಿಂತಿದ್ದಳು.

“ಮೊದಲ ಯಾರಿಂದ ಬಂತು ಅದನ್ನ ಹೇಳ್ರಿ!” ಎಂದು ಮೇಜು ಗುದ್ದಿದ.

ಫರ್ಜಾನಾ ದನಿ ಏರಿಸಲಿಲ್ಲ. “ಯಾರಿಂದ ಬಂತು ಅಂತ ರಕ್ತ ಹೇಳಂಗಿಲ್ಲಣ್ಣಾ. ನೀ ಸೂಜಿ ಮಾಡಿಸ್ಕೊಳ್ಳಲಿಲ್ಲಂದ್ರ ಆಕಿಗೆ ಮತ್ತ ಬರತೈತಿ, ಕೂಸಿಗೂ ಬರತೈತಿ. ಅದನ್ನ ಮಾತ್ರ ನಾ ಹೇಳಬಲ್ಲೆ.”

ಅವನು ಮೇಜಿನ ಮೇಲಿಂದ ಕೈ ತೆಗೆದ. “ಆ ಸತ್ತ ಕೂಸು... ಅದೂ ಇದರಿಂದನ?” ಎಂದ. ಇರಬಹುದು ಎಂದಳು ಫರ್ಜಾನಾ. ಯಂಕೋಬ ಹೆಂಡತಿಯ ಕಡೆ ತಿರುಗಿದ. “ಲಗ್ನಕ್ಕಿಂತ ಮೊದಲ ನನಗೊಂದು ಹುಣ್ಣ ಆಗಿತ್ತು. ತಾನ ಮಾಯ್ತು. ಯಾರಿಗೂ ಹೇಳಲಿಲ್ಲ” ಎಂದು ಅಂಗಿಯ ತೋಳು ಮಡಚಲು ಹೋದ. ಸೂಜಿ ಸೊಂಟಕ್ಕೆ ಎಂದು ಫರ್ಜಾನಾ ಹೇಳಿದಾಗ ಹುಲಿಗೆಮ್ಮ ಅಳುತ್ತಲೇ ನಕ್ಕುಬಿಟ್ಟಳು.

ಹನ್ನೊಂದು ದಿನ ಬೆಂಚಿನ ಮೇಲೆ ಕುಳಿತು ಎಣಿಸಿದ ಮೇಲೆ ನನ್ನ ಪುಸ್ತಕದಲ್ಲಿ ಒಟ್ಟು ಅರವತ್ತಮೂರು ಗೀಟುಗಳಿದ್ದವು. ಅದನ್ನು ಡಾಕ್ಟರ ಮುಂದಿಟ್ಟೆ. ಅವರು ಸಿಟ್ಟಾದರು, ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ತಾವೇ ಬಂದು ಆ ಬೆಂಚಿನ ಮೇಲೆ ಅರ್ಧ ದಿನ ಕುಳಿತು ನೋಡಿದರು. ಸಂಜೆ ಕರೆಯುಲಿಯ ಬಾಯಿ ಮುಚ್ಚಿಸಿದರು. ಲೈಂಗಿಕ ಆರೋಗ್ಯಕ್ಕೆಂದು ಬೇರೆ ಕೋಣೆ ಬೇಡವೆಂದು, ಕಣ್ಣು, ಸಕ್ಕರೆ, ರಕ್ತದೊತ್ತಡ ನೋಡುವ ಕೋಣೆಗಳಲ್ಲೆಲ್ಲ ಬೆರಳಚೀಟಿ ಇಡಿಸಿದರು. ಮುಂದಿನ ತಿಂಗಳು ಐನೂರು ಜನ ಬಂದರು, ನಲವತ್ತೇಳು ಜನರಲ್ಲಿ ಸೋಂಕು ಸಿಕ್ಕಿತು. ಅಷ್ಟು ದೊಡ್ಡ ಸಂಖ್ಯೆ ನೋಡಿ ನಾವು ಕುಣಿದಾಡಿದ್ದು ನಿಮಗೆ ವಿಚಿತ್ರವೆನಿಸಬಹುದು. ಸಿಕ್ಕ ಒಂದೊಂದು ಸೋಂಕೂ ವಾಸಿಯಾಗುವಂಥದ್ದು!

ಹುಲಿಗೆಮ್ಮನ ಮಗಳು ದಿನ ತುಂಬಿ ಹುಟ್ಟಿದಳು. ಗಟ್ಟಿಮುಟ್ಟು ಕೂಸು, ಚೀಟಿಯಲ್ಲಿ ಗೆರೆ ಮೂಡಲಿಲ್ಲ.

ಇನ್ನು ಇವತ್ತಿನ ಸುದ್ದಿ. ಕಳೆದ ವರ್ಷ ನಮ್ಮ ನದಿಯ ಎರಡೂ ದಡದ ಊರುಗಳಲ್ಲಿ ಒಬ್ಬ ಬಸುರಿಯೂ ಪರೀಕ್ಷೆಯಿಂದ ತಪ್ಪಿಸಿಕೊಂಡಿಲ್ಲ, ಸಿಫಿಲಿಸ್ ಹೊತ್ತು ಒಂದು ಮಗುವೂ ಹುಟ್ಟಿಲ್ಲ. ಈ ಸೊನ್ನೆಯನ್ನು ನಾನು ನಾಲ್ಕು ಸಲ ಎಣಿಸಿದ್ದೇನೆ. ಹೊರಗೆ ಆಗಲೇ ಹಲಿಗೆ ಬಾರಿಸುತ್ತಿದ್ದಾರೆ, ನನ್ನನ್ನು ಕೂಗುತ್ತಿದ್ದಾರೆ.

ಹೋಗುವ ಮುಂಚೆ ಒಂದು ವಿನಂತಿ. ನಿಮ್ಮ ಕಾಲದ ಸಮೀಕ್ಷೆಗಳನ್ನು ನಾನು ಪ್ರೀತಿಯಿಂದ ಓದುತ್ತೇನೆ, ಆದರೆ ನನ್ನ ಕೈಗೆ ಸಿಕ್ಕವುಗಳಲ್ಲೆಲ್ಲ ಆಸ್ಪತ್ರೆಗೆ ಬಂದವರ ಮಾತೇ ಹೆಚ್ಚು. ಬರದೆ ಉಳಿದವರು ಅಲ್ಲೇ ಎಲ್ಲೋ ಬೀದಿಯಲ್ಲಿದ್ದಾರೆ. ಅವರ ಪಕ್ಕ ಹೋಗಿ ಕುಳಿತುಕೊಳ್ಳಿ, ಯಾಕೆ ಬರಲಿಲ್ಲ ಎಂದು ಮೆಲ್ಲಗೆ ಕೇಳಿ, ಹೇಳಿದ್ದನ್ನು ಬರೆದಿಡಿ. ಔಷಧ ನಿಮ್ಮಲ್ಲಿ ಈಗಾಗಲೇ ಇದೆ. ನಮ್ಮ ಕಾಲ ಬರಲಿ ಎಂದು ದಯವಿಟ್ಟು ಕಾಯಬೇಡಿ.

ನಿಮ್ಮ,
ಇಂಪನಾ