ಮೇಲಿನ ತೋಟದ ಸೊಪ್ಪು

ಕೊಳಾಲ
೧೨ ನವೆಂಬರ್ ೨೦೨೪

ಪ್ರಿಯಾಂಕಳಿಗೆ ನಿನ್ನ ಓರಗಿತ್ತಿ ಇಂದ್ರಮ್ಮ ಬರೆಯುವುದು.

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ನಮ್ಮೆಲ್ಲರ ನಂಬರನ್ನೂ ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ನಿನ್ನ ಗಂಡ ರೇಣುಕನ ವಕೀಲರು ವಿಚ್ಛೇದನದ ಪತ್ರ ಕಳಿಸಿದ್ದಾರಂತೆ. ಅದಕ್ಕೆ ಸಹಿ ಹಾಕುವ ಮೊದಲು ನಿನಗೆ ನಿಜ ಗೊತ್ತಾಗಲಿ.

ಮೇಲಿನ ಹಿಪ್ಪುನೇರಳೆ ತೋಟಕ್ಕೆ ಎಲೆ ಸುರುಳಿ ಹುಳು ಬಿದ್ದಾಗ ಮೊದಲು ಕಂಡವಳು ನೀನು. ಮಡಚಿದ ಕುಡಿ ಬಿಡಿಸಿ ಒಳಗಿನ ಹಸಿರು ಹುಳು ತೋರಿಸಿದೆ. ತಾನೇ ನೂಲು ತೆಗೆದು ಎಲೆ ಹೊಲಿದುಕೊಂಡು ಒಳಗೇ ತಿನ್ನುತ್ತದೆ, ಉದುರಿದೆಲೆಯಲ್ಲಿ ಕೋಶವಾಗುತ್ತದೆ, ಚಿಟ್ಟೆಯಾಗಿ ಮತ್ತೆ ಎಳೆ ಎಲೆಯಡಿ ಮೊಟ್ಟೆ ಇಡುತ್ತದೆ ಎಂದೆ. ಕುಡಿ ಕಿತ್ತು ಸೋಪಿನ ನೀರಿಗೆ ಹಾಕಿದ್ರೆ ಸಾಕು ಕಣಕ್ಕಾ, ಔಷಧಿ ಬ್ಯಾಡ ಅಂದೆ. ಓದಿದವಳ ದೌಲತ್ತು ಎಂದು ನಾವು ನಕ್ಕೆವು.

ನಿನ್ನ ಭಾವ ಔಷಧಿ ಹೊಡೆದರು. ಹದಿನೈದು ದಿನ ಆ ಸೊಪ್ಪು ಮುಟ್ಟಬೇಡ ಎಂದು ನನಗೇ ಹೇಳಿದ್ದರು. ಕೆಳಗಿನ ತೋಟದ ಸೊಪ್ಪು ಮುಗಿದಿತ್ತು, ನಾಲ್ಕನೇ ಜ್ವರ ಮುಗಿಸಿ ಪೊರೆ ಬಿಟ್ಟು ಎದ್ದ ರೇಷ್ಮೆಹುಳುಗಳು ಹಸಿದು ತಲೆಯೆತ್ತಿದ್ದವು. ಔಷಧಿ ಮಳೆಗೆ ತೊಳೆದುಹೋಗಿರುತ್ತದೆ ಎಂದುಕೊಂಡು ನಾಲ್ಕನೇ ದಿನಕ್ಕೇ ಎರಡು ಹೊರೆ ಕೊಯ್ದು ಹಾಕಿದೆ.

ಸಂಜೆಗೆಲ್ಲ ಹುಳುಗಳು ಹಸಿರು ಕಾರಿಕೊಂಡು ಸತ್ತವು. ಅದೇ ಮಧ್ಯಾಹ್ನ ಮಳೆಯ ಇರಚಲು ಹೊಡೆಯುತ್ತಿದ್ದಾಗ ಪರದೆ ಇಳಿಸಲು ನೀನು ಹುಳುಮನೆಗೆ ಹೋಗಿದ್ದೆ. ನೀನು ಹೊರಗಾಗಿದ್ದುದು ಅತ್ತೆಗೆ ಗೊತ್ತಿತ್ತು. ಮುಟ್ಟಾದೋಳು ಒಳಕ್ಕೋಗಿ ಮನೆ ಹಾಳ್ ಮಾಡ್ಬುಟ್ಲು ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ರೇಣುಕ ನಿನ್ನ ಮೇಲೆ ಕೈ ಮಾಡಿದ. ನಾನು ಅಲ್ಲೇ ತಟ್ಟೆ ತೊಳೆಯುತ್ತಾ ಕೂತಿದ್ದೆ. ನೀನು ನನ್ನ ಕಡೆ ನೋಡಿದೆ. ನಾನು ತಲೆ ಎತ್ತಲಿಲ್ಲ.

ಮರುದಿನ ನೀನು ಬ್ಯಾಗು ಹಿಡಿದು ಬಸ್ಸು ಹತ್ತಿದಾಗ ನಾನು ಮೇಲಿನ ತೋಟದಲ್ಲಿದ್ದೆ. ನಾನು ಕೊಯ್ದ ಗುರುತು ಕಾಣದಂತೆ ಉಳಿದ ಗಿಡವನ್ನೂ ಬುಡದವರೆಗೆ ಕತ್ತರಿಸಿ, ರೋಗದ ಕುಡಿ ಎಂದು ಸುಟ್ಟೆ. ಯಾರೂ ಕೇಳಲಿಲ್ಲ. ನಿನ್ನದೇನೂ ತಪ್ಪಿಲ್ಲ. ಸಾಧ್ಯವಾದರೆ ನನ್ನನ್ನು ಕ್ಷಮಿಸು.

ನಿನ್ನ ಅಕ್ಕ ಎನಿಸಿಕೊಳ್ಳಲು ಆಗದ,
ಇಂದ್ರಮ್ಮ

ಮರೆತಿದ್ದೆ: ಈ ಕಾಗದ ಯಾರಿಗೂ ತೋರಿಸಬೇಡ. ಸಹಿ ಮಾತ್ರ ಬೇಗ ಹಾಕಿ ಕಳಿಸಿಬಿಡಮ್ಮ. ರೇಣುಕನಿಗೆ ಬೇರೆ ಹೆಣ್ಣು ನಿಶ್ಚಯವಾಗಿದೆ, ನನ್ನ ತಂಗಿಯೇ.