ಜೋಳ ಚೆಲ್ಲಿದ ನೆಲ

ನನ್ನ ಶಾಹೀನ್ ಆಪಾ,

ಇವತ್ತೂ ಭಾಲ್ಕಿ ಬಸ್ಸಿನಲ್ಲಿ ನಮ್ಮ ಸೀಟೇ ಸಿಕ್ಕಿತು. ನಿಮ್ಮ ಜಾಗದಲ್ಲಿ ಯಾರೋ ಬಂದು ಕೂತರು, ಅದಕ್ಕೂ ಸಿಟ್ಟು ಬಂತು. ಬೀದರಿನಿಂದ ಶಾಲೆ ಬರುವವರೆಗೂ ನಾವಿಬ್ಬರು ಎಷ್ಟು ಹರಟುತ್ತಿದ್ದೆವು! ಈಗ ಹತ್ತಿದ ಕೂಡಲೇ ಕಣ್ಣು ಮುಚ್ಚುತ್ತೇನೆ. ಸುಸ್ತು ಆಪಾ. ಮಲಗಿ ಎದ್ದರೂ ಹೋಗದ ಸುಸ್ತು.

ಔರಾದಿನಲ್ಲಿ ಮಣ್ಣಿಗಿಡುವ ಮೊದಲು ಕಡೆಯ ಸಲ ನಿಮ್ಮ ಮುಖ ನೋಡಿ ಬಂದೆನಲ್ಲ, ಮರುದಿನವೇ ಹೆಡ್ಮಾಸ್ತರರು ಕರೆದರು. "ಹೊಸಬರು ಬರೋತನಾ ಶಾಹೀನ್ ಮೇಡಂ ಅವರ ವಿಜ್ಞಾನ ನೀವೇ ನೋಡ್ರಿ ಮೇಡಂ," ಎಂದರು. ಕನ್ನಡ ಕಲಿಸುವವಳು ನಾನು! ಹೊಸಬರು ಇನ್ನೂ ಬಂದಿಲ್ಲ.

ಮೇಜಿನ ಮೇಲೆ ಪುಸ್ತಕ ಇಟ್ಟು, ಇದರ ಮೇಲೆ ಬಲ ಇದೆಯೇ ಎಂದು ಒಂಬತ್ತನೆಯ ವರ್ಗದವರನ್ನು ಕೇಳಿದೆ. "ಇಲ್ರಿ, ಅದು ಸುಮ್ನ ಕುಂತದರಿ," ಎಂದು ಒಂದೇ ದನಿ. ಭೂಮಿ ಕೆಳಗೆ ಎಳೆಯುತ್ತದೆ, ಮೇಜು ಮೇಲಕ್ಕೆ ಒತ್ತುತ್ತದೆ, ಎರಡೂ ಸಮ ಎಂದು ಎಷ್ಟು ಬಡಕೊಂಡೆ! ಬಾಯಿಪಾಠ ಮಾಡಿದರು. ಮರುದಿನ ಕೇಳಿದರೆ ಮತ್ತೆ "ಇಲ್ರಿ". ಮಕ್ಕಳನ್ನು ಬೈದು ಏನು ಬಂತು? ಮನೆ, ಬಸ್ಸು, ಶಾಲೆ ಎಂದು ಎಳೆದಾಡಿಸಿಕೊಂಡು ಕುರ್ಚಿಯಲ್ಲಿ ಕುಸಿದ ನನ್ನನ್ನು ಕಂಡವರೂ ಸುಮ್ಮನೆ ಕೂತಿದ್ದಾಳೆ ಎಂದೇ ಅಂದುಕೊಂಡಾರು. ಸೋಮವಾರ ಹೋಗಿ, ವಿಜ್ಞಾನ ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಡುವುದೆಂದು ನಿಶ್ಚಯ ಮಾಡಿದೆ.

ಆಗ ನಿಮ್ಮ ಹಗ್ಗಜಗ್ಗಾಟ ನೆನಪಾಯಿತು. ಹತ್ತನೆಯ ದಾಂಡಿಗರ ಕಾಲಡಿ ಜೋಳ ಚೆಲ್ಲಿ, ಎದುರಿಗೆ ಎಂಟನೆಯ ಹುಡುಗಿಯರನ್ನು ನಿಲ್ಲಿಸುತ್ತಿದ್ದಿರಿ. ದಾಂಡಿಗರು ಸರ್ರನೆ ಜಾರಿ ಬಂದರೆ ನಿಮ್ಮ ನಗುವೋ ನಗು. "ತೋಳಾಗ ತಾಕತ್ ಇದ್ರ ಸಾಲಂಗಿಲ್ಲ, ನೆಲಾನೂ ಹಿಡೀಬೇಕು!" ಆಮೇಲೆ ಜೋಳ ಗುಡಿಸಿ ಪಾರಿವಾಳಗಳಿಗೆ ಹಾಕುತ್ತಿದ್ದಿರಿ. "ಕೈಕೂ ಡರ್ತೀ ನೀಲಾ? ಅಂಜಬ್ಯಾಡ, ಬಾ," ಎಂದು ಆಟದ ನಡುವೆ ನನ್ನನ್ನೂ ಕರೆಯುತ್ತಿದ್ದಿರಿ. ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಒಂದು ಸಲವಾದರೂ ಬಂದಿದ್ದರೆ...

ಶನಿವಾರ, ಕೈಬಿಡುವ ಮೊದಲು ಒಮ್ಮೆ ನೋಡೋಣ ಎಂದು ನಾನೂ ಜೋಳ ಚೆಲ್ಲಿದೆ. ಅದರ ಮೇಲೆ ಹೇಗೆ ನಡೆಯಬೇಕೆಂದು ತೋರಿಸಲು ಹೋಗಿ, ಆಪಾ, ಧಡ್ ಎಂದು ಬಿದ್ದೆ! ವರ್ಗವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೂ ನಗು ಬಂತು, ಹಿಂದೆಯೇ ಅಳು. ಬಾಯಿಪಾಠವೂ ಬಾರದ ಸಾವಿತ್ರಿ ಓಡಿ ಬಂದು ರಟ್ಟೆ ಹಿಡಿದಳು. "ನೀವು ಕಾಲಿಲೆ ನೆಲಾ ಹಿಂದಕ್ಕ ನೂಕಿದ್ರಿ ಟೀಚರ್. ನಡುವ ಜೋಳ ಉರುಳಿತ್ರಿ, ನೆಲಾ ನಿಮಗ ಮುಂದಕ್ಕ ನೂಕಲಿಲ್ಲ," ಎಂದಳು. ಬರಿ ನೆಲಕ್ಕೆ ಕಾಲೊತ್ತಿ ನೋಡಿ, "ದಿನಾ ನೂಕತದಲ್ರಿ, ನಮಗ ಗೊತ್ತಾ ಆಗಂಗಿಲ್ಲ!"

ಪುಸ್ತಕದಲ್ಲಿ ಹೀಗೆ ಬರೆದಿಲ್ಲ ಆಪಾ. ಅವಳೇ ಕಂಡುಕೊಂಡಳು. ನಿಮ್ಮ ನೆನಪಾಗಿ ನನಗೆ ಬೇಗ ಏಳಲೇ ಆಗಲಿಲ್ಲ.

ಸೋಮವಾರ ಹೆಡ್ಮಾಸ್ತರರ ಮುಂದೆ ನಿಂತೆ. "ಏನ್ರಿ ಮೇಡಂ?" ಎಂದರು. "ನಾಳಿ ಎಂಟನೇದವರಿಗೂ ಇದೇ ಪಾಠ ಅದರಿ, ಹಗ್ಗ ಬೇಕಾಗಿತ್ತು," ಎಂದೆ.

ಮೊಣಕಾಲು ಇನ್ನೂ ನೋಯುತ್ತಿದೆ. ಪಾರಿವಾಳಗಳಿಗೆ ಜೋಳ ಹಾಕಿದ್ದೇನೆ.

ನಿಮ್ಮ ನೀಲಾ